ಮಾಯೆ ಎಂದರೆ ನೀರು

ಬನ್ನಿ, ಒಳಗೆ ಯಾಕೆ, ಇಲ್ಲೇ ಜಗಲಿಯಲ್ಲೇ ಕೂರೋಣ. ಮುಂಗಾರಿನ ಮೊದಲ ಮಳೆ ಬಿದ್ದು ನಿಂತ ಸಂಜೆ ಅರಕಲಗೂಡಿನಲ್ಲಿ ಜಗಲಿ ಬಿಟ್ಟು ನಡುಮನೆಯಲ್ಲಿ ಕೂರುವವರು ಉಂಟೇ? ಕಾಫಿ ಬರುತ್ತದೆ. ಅಷ್ಟರಲ್ಲಿ ಮಾತು ಹೊಗೆಸೊಪ್ಪಿನ ಸಸಿಯಿಂದ ಶುರುವಾಗಿ, ರಾಮನಾಥಪುರದ ಹರಾಜುಕಟ್ಟೆಯನ್ನು ಹಾದು, ಗೊರೂರು ಅಣೆಕಟ್ಟೆಗೆ ನೀರು ಎಷ್ಟಡಿ ಬಂತು ಅನ್ನುವಲ್ಲಿಗೆ ಮುಟ್ಟಿರುತ್ತದೆ. ನೀರಿನ ಮಾತು ಬಂತೆಂದರೆ ನನಗೆ ಈಗೀಗ ಒಂದೇ ನೆನಪು. ಸ್ವೀಡನ್ ದೇಶದ ಒಂದು ಊರಿನಲ್ಲಿ, ಬಟ್ಟೆ ಒಗೆಯುವ ಕೋಣೆಯಲ್ಲಿ, ಒಬ್ಬ ಹೆಂಗಸು ನಲ್ಲಿಯ ಕಡೆ ಕೈ ತೋರಿಸಿ “ಮಾಯೆ” ಅಂದದ್ದು.

ನೀರಿಗೆ ಮಾಯೆ ಅನ್ನುವ ಜನ ಯಾರಪ್ಪಾ ಎಂದು ಕೇಳುತ್ತೀರಿ ತಾನೇ? ಹೇಳುತ್ತೇನೆ. ಆದರೆ ಹೇಮಾವತಿಯೇ ನೆಟ್ಟಗೆ ಹರಿಯುವುದಿಲ್ಲ, ನನ್ನ ಮಾತೂ ಸ್ವಲ್ಪ ಸುತ್ತಿಕೊಂಡೇ ಬರುತ್ತದೆ.

ಮಗಳ ಬಾಣಂತನಕ್ಕೆಂದು ಹೋಗಿದ್ದೆ. ಊರಿನ ಹೆಸರು ಸೋಡರ್ತೆಲ್ಯೆ. ಸ್ಟಾಕ್‌ಹೋಮಿನ ದಕ್ಷಿಣಕ್ಕೆ, ಲಾರಿ ಮಾಡುವ ಸ್ಕಾನಿಯಾ ಕಂಪನಿ ಇರುವ ಊರು. ಅಲ್ಲಿಯ ವಠಾರಗಳಲ್ಲಿ ಬಟ್ಟೆ ಒಗೆಯಲು ಎಲ್ಲ ಮನೆಗಳಿಗೂ ಸೇರಿ ಒಂದು ಕೋಣೆ, ಸರದಿಯ ಮೇಲೆ ಬಳಕೆ. ನಮ್ಮಲ್ಲಿ ಹೊಳೆಯ ಮೆಟ್ಟಿಲು ಹೇಗೋ ಹಾಗೆ. ನನ್ನ ತೌರು ಹೊಳೆನರಸೀಪುರ. ಹೇಮಾವತಿಯ ಮೆಟ್ಟಿಲ ಮೇಲೆ ಬಟ್ಟೆ ಕುಕ್ಕುತ್ತಾ ಆಡದ ಮಾತಿಲ್ಲ, ತಿಳಿಯದ ಸಮಾಚಾರವಿಲ್ಲ. ಹಿಮ ಬೀಳುವ ಊರಿನಲ್ಲೂ ಆ ಮೆಟ್ಟಿಲು ಸಿಕ್ಕಿತಲ್ಲ ಎಂದು ನನಗೆ ಬಲು ಸಂತೋಷ. ಕೂಸಿನ ಬಟ್ಟೆ ಹಿಂಡುತ್ತಾ ನಿಂತಿದ್ದಾಗ ಪಕ್ಕದ ಮನೆಯಾಕೆ, ನನ್ನದೇ ವಯಸ್ಸು, “ಎಲ್ಲಿಯವರು?” ಅಂದರು. ಇಬ್ಬರದೂ ಮುರುಕು ಇಂಗ್ಲಿಷ್. ನಾನು “ಹಾಸನ” ಅಂದೆ. ಆಕೆಯ ಮುಖ ದೀಪ ಹಚ್ಚಿದ ಹಾಗೆ ಬೆಳಗಿತು. “ಹಸನ್‌ಕೇಫ್?”

ಅಲ್ಲ ಎಂದು ತಿಳಿಹೇಳಲು ಒಂದು ಗಂಟೆ ಹಿಡಿಯಿತು. ಆ ಒಂದು ಗಂಟೆಯಲ್ಲೇ ಸ್ನೇಹವೂ ಆಯಿತು.

ಹಸನ್‌ಕೇಫ್ ಎನ್ನುವುದು ಈಗಿನ ಟರ್ಕಿಯಲ್ಲಿ ಟೈಗ್ರಿಸ್ ನದಿಯ ದಂಡೆಯ ಊರು. ಆಕೆಯ ಭಾಷೆಯಲ್ಲಿ ಅದು ಹೆಸ್ನೊ ದ್ ಕೀಫೊ, ಬಂಡೆಯ ಕೋಟೆ. ನಮ್ಮ ಹಾಸನಕ್ಕೂ ಅದಕ್ಕೂ ನಂಟಿಲ್ಲ. ನಮ್ಮದು ಹಾಸನಾಂಬೆಯ ಊರು, ವರ್ಷಕ್ಕೊಮ್ಮೆ ದೀಪಾವಳಿಯ ಸುಮಾರಿಗೆ ಬಾಗಿಲು ತೆರೆಸಿಕೊಳ್ಳುವ ತಾಯಿಯ ಊರು. ಆದರೆ ಹೆಸರಿನಲ್ಲಿ ಸಿಗದ ನಂಟು ನೀರಿನಲ್ಲಿ ಸಿಕ್ಕಿತು. ಸಾವಿರಾರು ವರ್ಷ ಜನ ಬಾಳಿದ ಆ ಹಳೆಯ ಊರು 2020ರಲ್ಲಿ ಇಲಿಸು ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿತು. ಆಕೆ ಫೋನಿನಲ್ಲಿ ಚಿತ್ರ ತೋರಿಸಿದರು, ನೀರಿನ ಮೇಲೆ ಕೋಟೆಯ ನೆತ್ತಿಯೊಂದೇ. ನಾನೂ ನನ್ನ ಫೋನು ತೆಗೆದೆ. ಗೊರೂರಿನಲ್ಲಿ ಹೇಮಾವತಿಗೆ ಕಟ್ಟೆ ಎದ್ದದ್ದು 1979ರಲ್ಲಿ. ಆ ಹಿನ್ನೀರಿನಲ್ಲಿ ಶೆಟ್ಟಿಹಳ್ಳಿಯ ಇಗರ್ಜಿ ನಿಂತಿದೆಯಲ್ಲ, ಹತ್ತೊಂಬತ್ತನೇ ಶತಮಾನದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ್ದು? ಮಳೆಗಾಲದಲ್ಲಿ ಎದೆಮಟ್ಟ ನೀರಿನಲ್ಲಿ, ಬೇಸಗೆಯಲ್ಲಿ ಒಣಗಿದ ಕೆಸರಿನಲ್ಲಿ. ಆ ಚಿತ್ರ ನೋಡಿ ಆಕೆ ಎದೆಯ ಮೇಲೆ ಶಿಲುಬೆ ಬರೆದುಕೊಂಡರು. ಆಮೇಲೆ ನಾವಿಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಒಗೆಯುವ ಯಂತ್ರ ಮಾತ್ರ ಗುಡುಗುಡು ತಿರುಗುತ್ತಿತ್ತು.

“ನಾವು ಸುರ್ಯೋಯೆ” ಅಂದರು ಆಕೆ. ಸಂಜೆ ಮಗಳು ಬಿಡಿಸಿ ಹೇಳಿದಳು: “ಅಮ್ಮಾ, ಅವರು ಅಸ್ಸೀರಿಯನ್ನರು.”

ಮೂವತ್ತು ವರ್ಷ ನಾನು ಚನ್ನರಾಯಪಟ್ಟಣದಲ್ಲೂ ಹಾಸನದಲ್ಲೂ ಹೈಸ್ಕೂಲು ಮಕ್ಕಳಿಗೆ ಚರಿತ್ರೆ ಹೇಳಿಕೊಟ್ಟವಳು. ಅಸ್ಸೀರಿಯನ್ನರಿಗೆ ನಾನು ಕೊಟ್ಟ ಹೊತ್ತು ಒಂದು ಪೀರಿಯಡ್ಡಿನ ಕೊನೆಯ ಹತ್ತು ನಿಮಿಷ. ರಥ, ಬಿಲ್ಲು, ಕ್ರೂರ ದೊರೆಗಳು, ರಾಜಧಾನಿ ನಿನೆವೆ, ಕ್ರಿ.ಪೂ. 612ರಲ್ಲಿ ಪತನ. ಗಂಟೆ ಬಾರಿಸಿತು, ಮಕ್ಕಳು ಓಡಿದರು. ಆ ಜನ ಏನಾದರು ಎಂದು ಯಾವ ಮಗುವೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಏನಾದರು ಎಂದರೆ, ಇದ್ದರು. ಹೊಲ ಉತ್ತರು, ದ್ರಾಕ್ಷಿ ಬೆಳೆದರು, ಹೆತ್ತರು, ಹಾಡಿದರು. 2,600 ವರ್ಷಗಳ ಮೇಲೆ ಅವರಲ್ಲೊಬ್ಬರು ಬಂದು ನನ್ನ ಮೊಮ್ಮಗಳ ಲಂಗೋಟಿ ಹಿಂಡಿಕೊಟ್ಟರು. ಅದಕ್ಕೇ ಈಗ ಆ ಉಳಿದ ಪಾಠ ಹೇಳಬೇಕೆನ್ನಿಸುತ್ತದೆ. ನೀವಾದರೂ ಎದ್ದು ಓಡಬೇಡಿ.

ಅವರು ಮೊದಲಿಗೆ ಯುದ್ಧದವರಲ್ಲ, ವ್ಯಾಪಾರದವರು. ಟೈಗ್ರಿಸ್ ದಡದ ಅಶ್ಶೂರ್ ಎಂಬ ಊರಿನಿಂದ ಕ್ರಿ.ಪೂ. 1900ರ ಸುಮಾರಿಗೆ ಕತ್ತೆಗಳ ಮೇಲೆ ತವರವನ್ನೂ ಬಟ್ಟೆಯನ್ನೂ ಹೇರಿಕೊಂಡು, ಸುಮಾರು 1,000 ಕಿ.ಮೀ. ನಡೆದು, ಈಗಿನ ಟರ್ಕಿಯ ನಡುಭಾಗದ ಕಾನೇಶ್‌ಗೆ ಹೋಗುತ್ತಿದ್ದರು. ಅಲ್ಲಿ ಅಗೆದಾಗ ಸಿಕ್ಕ ಮಣ್ಣಿನ ಓಲೆಗಳು ಇಪ್ಪತ್ತು ಸಾವಿರಕ್ಕೂ ಹೆಚ್ಚು. ಓಲೆಯೂ ಮಣ್ಣು, ಅದರ ಲಕೋಟೆಯೂ ಮಣ್ಣು! ಬಟ್ಟೆ ನೇಯುತ್ತಿದ್ದವರು ಊರಿನಲ್ಲಿ ಉಳಿದ ಹೆಂಡತಿಯರು. ಲಮಸ್ಸಿ ಎಂಬಾಕೆ ಗಂಡ ಪೂಶುಕೇನನಿಗೆ ಬರೆದ ಓಲೆಗಳು ಉಳಿದಿವೆ. ನೀವು ಹೋದಮೇಲೆ ಪಕ್ಕದವರು ಎರಡೆರಡು ಸಲ ಮನೆ ಕಟ್ಟಿಸಿದರು, ನಾವು ಕಟ್ಟಿಸುವುದು ಯಾವಾಗ ಎಂದು ಕೇಳುತ್ತಾಳೆ. ಚನ್ನರಾಯಪಟ್ಟಣದ ಸಂತೆಗೆ ತೆಂಗಿನಕಾಯಿ ಗಾಡಿ ಹೊಡೆದ ಗಂಡಂದಿರಿಗೆ ಎಷ್ಟು ಹೆಂಡತಿಯರು ಇದೇ ಮಾತನ್ನು ಕೇಳಿರಬೇಡ! ಸುಮಾರು ನಾಲ್ಕು ಸಾವಿರ ವರ್ಷದ ಹಿಂದಿನ ಆ ಓಲೆಯ ಮಾತನ್ನು ಓದಿದ ದಿನ ನನಗೆ ಅಸ್ಸೀರಿಯ ಮೊದಲ ಸಲ ಹತ್ತಿರವಾಯಿತು. ದೊರೆಗಳ ಹೆಸರು ಮರೆತರೂ ಆ ಮನೆಯಾಕೆಯ ಹೆಸರು ಮರೆಯುವುದಿಲ್ಲ.

ದೊರೆಗಳ ಮಾತೂ ಒಂದಿಷ್ಟು ಆಗಲಿ. ಎರಡನೇ ಅಶ್ಶೂರ್‌ನಾಸಿರ್‌ಪಾಲ ಎಂಬ ದೊರೆ ಕಲ್ಹು ಎಂಬ ರಾಜಧಾನಿ ಕಟ್ಟಿಸಿ ಗೃಹಪ್ರವೇಶದ ಊಟ ಹಾಕಿಸಿದ. ಉಂಡವರ ಲೆಕ್ಕವನ್ನು ಕಲ್ಲಿನಲ್ಲಿ ಕೆತ್ತಿಸಿದ್ದಾನೆ: 69,574 ಜನ, ಹತ್ತು ದಿನ! ನಮ್ಮ ಕಡೆಯ ಮದುವೆಗಳಲ್ಲಿ ಎಲೆ ಲೆಕ್ಕ ಹಿಡಿಯುವವರು ಒಬ್ಬರು ಇದ್ದೇ ಇರುತ್ತಾರಲ್ಲ, ಹತ್ತು ಪಂಕ್ತಿ, ಪಂಕ್ತಿಗೆ ನೂರು ಎಂದು? ಅವರ ಮೂಲಪುರುಷ ಅಲ್ಲಿದ್ದಾನೆ ನೋಡಿ. ಮುಂದೆ ಬಂದ ಸೆನ್ನಾಖೆರಿಬ ನಿನೆವೆಯ ತೋಟಗಳಿಗೆ ಬೆಟ್ಟದ ನೀರನ್ನು ಕಾಲುವೆ ತೋಡಿ ತಂದ. ಜೆರ್ವಾನ್ ಎಂಬಲ್ಲಿ ಹಳ್ಳದ ಮೇಲೆ ಕಲ್ಲಿನ ಸೇತುವೆ ಕಟ್ಟಿ, ಸೇತುವೆಯ ಮೇಲೆ ನೀರು ಹರಿಸಿದ. ನನ್ನ ತಂದೆ ಬೇಸಗೆಯ ರಜೆಯಲ್ಲಿ ನಮ್ಮನ್ನು ಶ್ರೀರಾಮದೇವರ ಕಟ್ಟೆಗೆ ಕರೆದುಕೊಂಡು ಹೋಗಿ, ಹೇಮಾವತಿಯನ್ನು ತಡೆದು ಗದ್ದೆಗೆ ತಿರುಗಿಸಿದವರಿಗೆ ಕೈ ಮುಗಿಯಿರಿ ಅನ್ನುತ್ತಿದ್ದರು. ಅವರಿದ್ದಿದ್ದರೆ ಸೆನ್ನಾಖೆರಿಬನಿಗೂ ಕೈ ಮುಗಿಸುತ್ತಿದ್ದರು. ಆ ದೊರೆ ಊರುಗಳನ್ನು ಸುಟ್ಟವನೂ ಹೌದು, ನೀರು ತಂದವನೂ ಹೌದು. ನಾನು ಮಕ್ಕಳಿಗೆ ಅರ್ಧವನ್ನೇ ಹೇಳಿದ್ದೆ.

ನಿನೆವೆ ಬಿದ್ದು ಇನ್ನೂರು ವರ್ಷ ಕಳೆದಿತ್ತು. ಕ್ರಿ.ಪೂ. 401ರಲ್ಲಿ ಗ್ರೀಕರ ಕ್ಸೆನೊಫೋನ್ ತನ್ನ ಸೈನಿಕರೊಡನೆ ಆ ಗೋಡೆಗಳ ಪಕ್ಕದಲ್ಲೇ ನಡೆದು ಹೋದ. ಇದು ಯಾರ ಊರು ಎಂದು ಅವನಿಗೆ ಗೊತ್ತಾಗಲಿಲ್ಲ. ಇನ್ನೂರೇ ವರ್ಷಕ್ಕೆ ಇಷ್ಟು ಮರೆವೇ ಅನ್ನಿಸಿತೇ? ನಮ್ಮ ಬೇಲೂರು ತಾಲ್ಲೂಕಿನ ಹಲ್ಮಿಡಿಯ ಕಲ್ಲು ಏನು ಮಾಡುತ್ತಿತ್ತು? ಸುಮಾರು ಕ್ರಿ.ಶ. 450ರ ಕನ್ನಡವನ್ನು ಮೈಮೇಲೆ ಹೊತ್ತು ಊರ ನಡುವೆಯೇ ಇತ್ತು. ಎಂ.ಎಚ್. ಕೃಷ್ಣ ಅವರು 1936ರಲ್ಲಿ ಗುರುತಿಸುವ ತನಕ ಅದೂ ಒಂದು ಕಲ್ಲೇ. ಓದುವ ಕಣ್ಣು ಬರುವವರೆಗೆ ಕಲ್ಲು ಕಾಯುತ್ತದೆ, ಅಷ್ಟೆ.

ನಿನೆವೆಗೆ ಬಂದ ಕಣ್ಣುಗಳಲ್ಲಿ ಒಂದು ಜೊತೆ ಮನೆಯವರದೇ ಎನ್ನುವುದು ನನಗೆ ಅಚ್ಚುಮೆಚ್ಚಿನ ಸಂಗತಿ. ಹೊರ್ಮುಜ್ದ್ ರಸ್ಸಾಮ್. 1826ರಲ್ಲಿ, ನಿನೆವೆಯ ದಿಬ್ಬಗಳಿಗೆ ಎದುರು ದಡದ ಮೊಸುಲ್‌ನಲ್ಲಿ ಹುಟ್ಟಿದ ಕ್ರೈಸ್ತ. 1853ರಲ್ಲಿ ಅಸ್ಸೀರಿಯದ ದೊರೆ ಅಶ್ಶೂರ್‌ಬಾನಿಪಾಲನ ಅರಮನೆಯನ್ನೂ ಅವನ ಪುಸ್ತಕ ಭಂಡಾರದ ಮಣ್ಣೋಲೆಗಳನ್ನೂ ಅಗೆದು ತೆಗೆದದ್ದು ಅವನೇ. ಆ ಭಂಡಾರದ ಒಂದು ಓಲೆಯಲ್ಲಿ, ಲೋಕವೆಲ್ಲ ನೀರಾಗಿ ಒಂದು ದೋಣಿ ಮಾತ್ರ ತೇಲಿದ ಪ್ರಳಯದ ಕಥೆ ಇದೆಯೆಂದು 1872ರಲ್ಲಿ ಲಂಡನ್ನಿನ ಜಾರ್ಜ್ ಸ್ಮಿತ್ ಓದಿ ಹೇಳಿದ. ನಮ್ಮ ಮನುವಿನ ದೋಣಿಯನ್ನು ಮೀನು ಎಳೆದ ಕಥೆ ಕೇಳಿ ಬೆಳೆದವರು ನಾವು. ಗೆಳತಿಗೆ ಅದನ್ನು ಹೇಳಿದೆ. ಆಕೆ ನೋಹನ ಕಥೆ ಹೇಳಿದರು. ಮತ್ತೆ ನೀರೇ ಬಂತು ನೋಡಿ! ಆ ಅಶ್ಶೂರ್ ಊರಿಗೂ ನೀರಿನ ಭಯ ತಪ್ಪಲಿಲ್ಲ. 2003ರಲ್ಲಿ ಅದು ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಹತ್ತಿರದಲ್ಲೇ ಯೋಜಿಸಿದ್ದ ಮಖೂಲ್ ಅಣೆಕಟ್ಟಿನಿಂದಾಗಿ ಅದೇ ಗಳಿಗೆಯಲ್ಲಿ ಅಪಾಯದಲ್ಲಿರುವ ತಾಣಗಳ ಪಟ್ಟಿಗೂ ಸೇರಿತು.

ಎಲ್ಲಿದ್ದೆ? ಹಾಂ, ಭಾಷೆ. ಅಸ್ಸೀರಿಯದ ದೊರೆಗಳು ಗೆದ್ದ ಜನರನ್ನು ಊರಿಂದೂರಿಗೆ ಕಿತ್ತು ನೆಡುತ್ತಿದ್ದರು. ಹೀಗೆ ಬಂದವರ ಅರಾಮಾಯಿಕ್ ಭಾಷೆ ಕೊನೆಗೆ ಸಾಮ್ರಾಜ್ಯಕ್ಕೇ ಹಬ್ಬಿತು. ಗೆಳತಿಯ ಮನೆಮಾತು ಅದರ ಮಗಳು. ಆ ಭಾಷೆಯ ಅಕ್ಷರ ಎಲ್ಲಿಯವರೆಗೆ ನಡೆದು ಬಂತು ಗೊತ್ತೇ? ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯವರೆಗೆ. ಅಲ್ಲಿ ಅಶೋಕನ ಶಾಸನ ಬರೆದ ಲಿಪಿಕಾರ ಚಪಡ, ಎಲ್ಲವನ್ನೂ ಬ್ರಾಹ್ಮಿಯಲ್ಲಿ ಬರೆದು, ‘ಲಿಪಿಕಾರನಿಂದ’ ಎನ್ನುವ ಕೊನೆಯ ಪದವನ್ನು ಮಾತ್ರ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಬರೆದ. ಖರೋಷ್ಠಿ ಹುಟ್ಟಿದ್ದು ಅರಾಮಾಯಿಕ್ ಲಿಪಿಯಿಂದ. ಊರು ಬಿಟ್ಟು ದೂರ ಬಂದ ಮನುಷ್ಯನಿಗೆ ಹೆಸರಿನ ಜೊತೆ ತನ್ನ ಕಡೆಯ ಅಕ್ಷರವನ್ನು ಇಟ್ಟುಬಿಡುವ ಆಸೆ ಆಗಿರಬೇಕು. ಆ ಆಸೆ ನನಗೆ ಅರ್ಥವಾಗುತ್ತದೆ.

ಆಮೇಲೆ ಆ ಜನ ಕ್ರೈಸ್ತರಾದರು. ಅವರ ಪೂರ್ವದ ಸಭೆಯ ಪಾದ್ರಿಗಳು ಚೀನಾದವರೆಗೆ ನಡೆದರು. ಶಿಯಾನ್ ನಗರದಲ್ಲಿ 781ರಲ್ಲಿ ನಿಲ್ಲಿಸಿದ ಕಲ್ಲಿನಲ್ಲಿ ಚೀನೀ ಅಕ್ಷರದ ಜೊತೆ ಅವರ ಪೂಜೆಯ ಭಾಷೆಯಾದ ಸುರಿಯಾನಿಯ ಅಕ್ಷರವಿದೆ. ಮಲಬಾರಿಗೂ ಬಂದರು. ಕೇರಳದ ತ್ರಿಶ್ಶೂರಿನಲ್ಲಿ ಅಸ್ಸೀರಿಯನ್ ಸಭೆಗೇ ಸೇರಿದ ಜನ ಇವತ್ತಿಗೂ ಇದ್ದಾರೆ. ಅಷ್ಟು ದೂರ ಯಾಕೆ? ಹಾಸನದಿಂದ ಘಾಟಿ ಇಳಿದರೆ ಬೆಳ್ತಂಗಡಿ. ಕೇರಳದಿಂದ ಬಂದು ನೆಲೆಸಿ ರಬ್ಬರು ಬೆಳೆದ ಸಿರೋ ಮಲಬಾರ್ ಕ್ರೈಸ್ತರಿಗೆ 1999ರಿಂದ ಅಲ್ಲೇ ಧರ್ಮಪ್ರಾಂತ್ಯವಿದೆ. ಅವರ ಪೂಜಾಕ್ರಮದ ಬೇರು ಈ ಪೂರ್ವದ ಸುರಿಯಾನಿಯಲ್ಲೇ. ಇದನ್ನು ಹೇಳಿದಾಗ ಗೆಳತಿ ನನ್ನ ಕೈ ಹಿಡಿದುಕೊಂಡು, “ಹಾಗಾದರೆ ನಿಮ್ಮ ಘಾಟಿಯ ಕೆಳಗೆ ನಮ್ಮವರಿದ್ದಾರೆ” ಅಂದರು. ಹೌದು ಅಂದೆ.

ಇನ್ನು ಹೇಳಬೇಕಾದದ್ದನ್ನು ಆಕೆ ಒಂದೇ ಸಲ, ಕೆಳಗೆ ನೋಡುತ್ತಾ ಹೇಳಿದರು. 1915ನ್ನು ಅವರು ಸೈಫೊ ಎನ್ನುತ್ತಾರೆ, ಕತ್ತಿ. ಒಟ್ಟೊಮನ್ ಸಾಮ್ರಾಜ್ಯದಲ್ಲಿ ಹಳ್ಳಿಹಳ್ಳಿಗಳೇ ಕತ್ತಿಯ ಬಾಯಿಗೆ ಬಿದ್ದ ವರ್ಷ. ಬದುಕಿದವರಲ್ಲಿ ಅನೇಕರು ಇರಾಕಿಗೆ ಓಡಿದರು. ಅಲ್ಲಿ 1933ರ ಆಗಸ್ಟ್‌ನಲ್ಲಿ ಸಿಮೇಲೆಯ ಕೊಲೆಗಳಾದವು. ಉಳಿದವರಲ್ಲಿ ಹಲವರು ಸಿರಿಯಾದ ಖಾಬೂರ್ ಹೊಳೆಯ ದಂಡೆಗೆ ಹೋದರು. 2015ರಲ್ಲಿ ಆ ಹಳ್ಳಿಗಳ ಮೇಲೆ ಉಗ್ರರು ಬಿದ್ದರು. ಅದೇ ವರ್ಷ ಕಲ್ಹುವಿನ ಅರಮನೆಯನ್ನು, ಆ 69,574 ಜನ ಉಂಡ ಊರಿನ ಕಲ್ಲುಗಳನ್ನು, ಒಡೆದು ಸಿಡಿಸಿದರು. ಪ್ರತಿಸಲವೂ ಒಂದು ಹೊಳೆ ಬಿಟ್ಟು ಇನ್ನೊಂದು ಹೊಳೆಗೆ. ಆಕೆಯ ಊರು ತೂರ್ ಅಬ್ದಿನ್ ಗುಡ್ಡಗಾಡಿನ ಮಿದ್ಯಾತ್ ಬಳಿಯದು. 1967ರಲ್ಲಿ ಲೆಬನಾನಿನಿಂದ ಬಂದ ಮೊದಲ ಗುಂಪಿನ ಹಿಂದೆ ಹಿಂದೆಯೇ ಸಾವಿರಾರು ಸಂಸಾರಗಳು ಸೋಡರ್ತೆಲ್ಯೆಗೆ ಬಂದವು. ಈಗ ಆ ಒಂದೇ ಊರಿನಲ್ಲಿ ಅವರದು ಎರಡು ಫುಟ್‌ಬಾಲ್ ತಂಡ. 1974ರ ಅಸ್ಸಿರಿಸ್ಕಾ, 1977ರ ಸಿರಿಯನ್ಸ್ಕಾ. ನಾವು ಅಸ್ಸೀರಿಯನ್ನರೋ, ಅರಾಮಿಯರೋ ಎಂಬ ಚರ್ಚೆ ಮೈದಾನದವರೆಗೂ ಬಂದಿದೆ. ಎರಡೂ ತಂಡ ಸ್ವೀಡನ್ನಿನ ಮೊದಲ ದರ್ಜೆಯಲ್ಲಿ ಆಡಿವೆ.

“ನಿಮ್ಮಲ್ಲಿ?” ಎಂದು ಆಕೆ ಕೇಳಿದ ದಿನ ನನ್ನ ಕಥೆಯೂ ಹೊರಗೆ ಬಂತು. ನಾವು ಸಂಕೇತಿಗಳು. ಹಾಸನದ ಪಕ್ಕದ ಕೌಶಿಕದವರು ಒಂದು ಪಂಗಡ, ಪಿರಿಯಾಪಟ್ಟಣ ತಾಲ್ಲೂಕಿನ ಬೆಟ್ಟದಪುರದವರು ಇನ್ನೊಂದು. ನಮ್ಮಜ್ಜಿಯ ಕಾಲದಲ್ಲಿ ಒಬ್ಬರ ಮನೆಗೆ ಒಬ್ಬರು ಹೆಣ್ಣು ಕೊಡುತ್ತಿರಲಿಲ್ಲ. ಈಗ ಕೊಟ್ಟು ತಂದು ಮಾಡಿ ಚೆನ್ನಾಗಿದ್ದೇವೆ. ಮೂಲ, ತಮಿಳುನಾಡು ಕೇರಳಗಳ ಅಂಚಿನ ಸೆಂಗೋಟ್ಟೈ. ಕಥೆ ನಾಚಾರಮ್ಮನದು. ಓದಿಕೊಂಡ ಹೆಣ್ಣುಮಗಳನ್ನು ಊರವರು ಅವಮಾನಿಸಿದರಂತೆ. ಅವಳು ಮನನೊಂದು ಊರು ಬಿಟ್ಟು ಹೊರಟಳಂತೆ. ಅವಳ ಹಿಂದೆ ಸಂಸಾರ ಸಂಸಾರಗಳೇ ಎದ್ದು ನಡೆದವಂತೆ. ಹೇಳುವವರ ಬಾಯಿಂದ ಬಾಯಿಗೆ ಕಥೆ ಬೇರೆಬೇರೆ. ಆದರೆ ಎಲ್ಲದರಲ್ಲೂ ಮುಂದೆ ನಡೆಯುವವಳು ಹೆಣ್ಣೇ. ನಾವು ಜೊತೆಗೆ ತಂದದ್ದು ಒಂದು ಮಾತು. ತಮಿಳು ಮಲಯಾಳದ ನೆಂಟಸ್ತಿಕೆ, ಕನ್ನಡದ ಒಡನಾಟ, ಸ್ವಂತ ಲಿಪಿಯಿಲ್ಲ. ಅದನ್ನು ಓದಿ ಕಲಿತವರಿಲ್ಲ, ಉಂಡು ಕಲಿತವರೇ ಎಲ್ಲ. ಪಂಕ್ತಿಯಲ್ಲಿ ಬಡಿಸುವಾಗ, ಮಗುವನ್ನು ಮಲಗಿಸುವಾಗ, ಅಡಕೆ ಸುಲಿಯುವಾಗ ಕಿವಿಗೆ ಬಿದ್ದದ್ದೇ ಪಾಠ. ಹೆಬ್ಬಾರ್ ಅಯ್ಯಂಗಾರರ ಮನೆಗಳಲ್ಲೂ ಹೀಗೇ ಅಲ್ಲವೇ? ಬೀದಿಯಲ್ಲಿ ನೀರು, ಸಾರು ಅನ್ನುವವರು ಹೊಸಿಲು ದಾಟಿದ ಕೂಡಲೆ ತೀರ್ಥ, ಸಾತ್ತಮುದು ಅನ್ನುತ್ತಾರೆ.

ಗೆಳತಿ ಒಂದು ಭಾನುವಾರ ತಮ್ಮ ಇಗರ್ಜಿಗೆ ಕರೆದುಕೊಂಡು ಹೋದರು. ಅಲ್ಲಿಯ ಹಾಡಿಗೆ ಎಂಟು ಧಾಟಿಗಳಂತೆ. ಯಾವ ವಾರಕ್ಕೆ ಯಾವುದು ಎಂಬ ಕ್ರಮವಿದೆಯಂತೆ. ಹಾಡುಗಳ ಆ ಸಂಗ್ರಹದ ಹೆಸರು ಬೇತ್ ಗಜೊ, ಭಂಡಾರದ ಮನೆ. ಕಣ್ಣು ಮುಚ್ಚಿ ಕೇಳಿದೆ. ನನಗೆ ರುದ್ರಪಟ್ಟಣ ನೆನಪಾಯಿತು. ಇದೇ ಅರಕಲಗೂಡು ತಾಲ್ಲೂಕಿನ, ಕಾವೇರಿ ದಡದ ಊರು. ಆರ್.ಕೆ. ಶ್ರೀಕಂಠನ್ ಅವರು 1920ರಲ್ಲಿ ಹುಟ್ಟಿದ್ದು ಅಲ್ಲೇ, ತೊಂಬತ್ತು ದಾಟಿದ ಮೇಲೂ ಕಛೇರಿ ಮಾಡಿದರು. ಆರ್.ಕೆ. ಪದ್ಮನಾಭ ಅವರು ಅಲ್ಲಿ ತಂಬೂರಿಯ ಆಕಾರದಲ್ಲೇ ಸಪ್ತಸ್ವರ ದೇವತಾ ಧ್ಯಾನ ಮಂದಿರ ಕಟ್ಟಿಸಿದ್ದಾರೆ. ಲಿಪಿಯಿಲ್ಲದ ಮಾತಿನ ಮನೆಗಳಲ್ಲಿ ಇಷ್ಟು ಸಂಗೀತ ಯಾಕೆ ಬೆಳೆಯಿತು ಎಂದು ಯೋಚಿಸಿದ್ದೇನೆ. ಕಿವಿಯಿಂದ ಕಲಿಯುವುದೇ ಅಭ್ಯಾಸವಾದ ಮನೆಯಲ್ಲಿ ರಾಗಕ್ಕೂ ಅದೇ ಬಾಗಿಲು ತೆರೆದಿತ್ತೇನೋ.

ಗೆಳತಿಯ ಮನೆಮಾತಿಗೂ ಬಹುಕಾಲ ಬರಹವಿರಲಿಲ್ಲ. ದೇವರ ಮುಂದೆ ಹಳೆಯ ಸುರಿಯಾನಿ, ಒಲೆಯ ಮುಂದೆ ಈ ಮಾತು. ಸ್ವೀಡನ್ನಿನ ಶಾಲೆಗಳಲ್ಲಿ ಮಕ್ಕಳಿಗೆ ಅವರ ತಾಯ್ನುಡಿಯನ್ನೂ ಕಲಿಸುವ ಏರ್ಪಾಡು ಬಂದಾಗ, ಅದಕ್ಕೆ ಅಕ್ಷರ ಹೊಂದಿಸಿ 1983ರಲ್ಲಿ ‘ತೋಖು ಕೊರೇನಾ’ ಎಂಬ ಪಾಠಪುಸ್ತಕ ತಂದರು. ಬನ್ನಿ ಓದೋಣ ಎಂದು ಅರ್ಥ. ಆ ದಿನ ನಾನು ಮಗಳ ಮುಖ ನೋಡಿದೆ. ನನ್ನಜ್ಜಿ ಸಂಕೇತಿ ಬಿಟ್ಟು ಬೇರೆ ಆಡುತ್ತಿರಲಿಲ್ಲ. ನಾನು ಎರಡೂ ಆಡುತ್ತೇನೆ. ಮಗಳಿಗೆ ಅರ್ಥವಾಗುತ್ತದೆ, ಉತ್ತರ ಮಾತ್ರ ಕನ್ನಡದಲ್ಲಿ. ಮೊಮ್ಮಗಳಿಗೆ? ಸಂಕೇತಿ ಇರಲಿ, ಕನ್ನಡ? ನಿನೆವೆ ಬಿದ್ದರೂ ಆ ಜನ ಮುಗಿಯಲಿಲ್ಲ, ಯಾಕೆಂದರೆ ಮನೆಯೊಳಗೆ ಯಾರೋ ಒಬ್ಬರು ಮಗುವಿಗೆ ನೀರು ಬೇಕಾ ಎಂದು ಆ ಮಾತಿನಲ್ಲಿ ಕೇಳುತ್ತಲೇ ಇದ್ದರು. ನಮ್ಮ ಊರು ಬೀಳಲಿಲ್ಲ, ಕತ್ತಿ ಬರಲಿಲ್ಲ, ಇಗೋ ಜಗಲಿ ಇಲ್ಲೇ ಇದೆ. ಕೇಳುವುದನ್ನು ಮಾತ್ರ ನಾವೇ ನಿಲ್ಲಿಸುತ್ತಾ ಬಂದೆವು. ಅದನ್ನು ನೆನೆದರೆ ನನಗೆ ಸಂಕಟವಾಗುತ್ತದೆ.

ಹೊರಡುವ ಹಿಂದಿನ ದಿನ ಏಪ್ರಿಲ್ ಒಂದು, 2025. ಗೆಳತಿ ಸಿಹಿ ತಂದುಕೊಟ್ಟು, ಇವತ್ತು ನಮಗೆ ಹೊಸ ವರ್ಷ, 6775 ಅಂದರು. ನಮಗೆ ಎರಡು ದಿನದ ಹಿಂದೆಯಷ್ಟೇ ಯುಗಾದಿಯಾಗಿತ್ತು. ಡಬ್ಬಿಯಲ್ಲಿ ಬೆಲ್ಲವಿತ್ತು, ಬೇವು ಸಿಕ್ಕಿರಲಿಲ್ಲ. ಬೆಲ್ಲವನ್ನೇ ಕೊಟ್ಟೆ. ಮೊಮ್ಮಗಳನ್ನು ಎತ್ತಿಕೊಂಡು ಆಕೆ ಏನೋ ಹಾಡಿದರು.

ನಿನ್ನೆ ಮಗಳು ವೀಡಿಯೊ ಕರೆ ಮಾಡಿದ್ದಳು. ಮೊಮ್ಮಗಳಿಗೆ ಈಗ ಮಾತು ಒಂದೊಂದಾಗಿ ಬರುತ್ತಿದೆ. ಮಗಳು ಕೆಲಸಕ್ಕೆ ಹೋದಾಗ ಅವಳು ಪಕ್ಕದ ಮನೆಯಲ್ಲೇ. ಖಾಲಿ ಲೋಟವನ್ನು ಫೋನಿನ ಕಡೆ ಚಾಚಿ, ನನ್ನನ್ನೇ ನೋಡುತ್ತಾ, “ಮಾಯೆ” ಅಂದಿತು ಕೂಸು. ಅಶ್ಶೂರ್, ನಿನೆವೆ, ಮಿದ್ಯಾತ್ ದಾಟಿ ಬಂದ ಮಾತು, ಸಂಕೇತಿ ಮನೆಯ ಮಗುವಿನ ಬಾಯಲ್ಲಿ. ನನಗೆ ಕಣ್ಣು ತುಂಬಿತು. ಇಲ್ಲಿಂದ ಕೊಡಲಾಗುವುದಿಲ್ಲ ಎಂದು ಗೊತ್ತಿದ್ದೂ ಎದ್ದು ಹೋಗಿ ತಂಬಿಗೆಯಲ್ಲಿ ನೀರು ತಂದೆ. ಫೋನಿಗೆ ಹಿಡಿದು ನಮ್ಮಜ್ಜಿ ಕೇಳುತ್ತಿದ್ದ ಹಾಗೆಯೇ, ನಮ್ಮ ಮಾತಿನಲ್ಲಿ, ಬೇಕಾ ಕಂದಾ ಎಂದು ಕೇಳಿದೆ. ಅದು ಕಣ್ಣರಳಿಸಿ ಕೇಳಿಸಿಕೊಂಡಿತು. ಇವತ್ತು ಸಂಜೆಯೂ ಕರೆ ಮಾಡಲು ಹೇಳಿದ್ದೇನೆ, ಇವತ್ತೂ ಕೇಳುತ್ತೇನೆ.

ಅಗೋ, ಕಾಫಿ ಬಂತು. ಆರುವುದಕ್ಕೆ ಮುಂಚೆ ಕುಡಿಯಿರಿ. ಗೊರೂರಿನಲ್ಲಿ ನೀರು ಎಷ್ಟಡಿ ಅಂದಿರಿ?